ಸಹಾಯ ಬೇಕು: ಸಂಜೆ ಬಿಸಿಲಿನ ನೀರುನಾಯಿಗೆ ನೆರಳಿನ ಬಣ್ಣ ಕೂಡಿಬರುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು. ಗ್ರಾಹಕರೊಬ್ಬರು ಹೇಳಿ ಮಾಡಿಸುತ್ತಿರುವ ಚಿತ್ರಕ್ಕೆ ಕ್ರಿತಾ ಎಂಬ ಚಿತ್ರ ಬಿಡಿಸುವ ತಂತ್ರಾಂಶದಲ್ಲಿ ಬಣ್ಣ ತುಂಬುತ್ತಿದ್ದೇನೆ. ಮನುಷ್ಯರಂತೆ ಎರಡು ಕಾಲಿನ ಮೇಲೆ ನಿಂತ ನೀರುನಾಯಿ, ಹೆಗಲ ಮೇಲೆ ಬಲೆ, ಹಿಂದೆ ಕಾಳಿ ನದಿ ಕಡಲು ಸೇರುವ ಜಾಗ, ಸದಾಶಿವಗಡದ ಗುಡ್ಡ. ರೇಖೆಗಳು ಮುಗಿದಿವೆ, ಅವರಿಗೂ ಮೆಚ್ಚಿಗೆಯಾಗಿವೆ.

ತೊಡಕಿರುವುದು ನೆರಳಿನಲ್ಲಿ. ಮಲ್ಟಿಪ್ಲೈ ಲೇಯರ್‌ನಲ್ಲಿ (ಕೆಳಗಿನ ಬಣ್ಣದೊಂದಿಗೆ ಬೆರೆಯುವ ಪದರದಲ್ಲಿ) ನೇರಳೆ ಹಚ್ಚಿದರೆ ಹೊಟ್ಟೆಯ ತಿಳಿ ಭಾಗ ಚೆನ್ನಾಗಿ ಕಾಣುತ್ತದೆ. ಕಂದು ಬೆನ್ನು ಮಾತ್ರ ಮಸಿ ಬಳಿದಂತಾಗುತ್ತದೆ. ಮಲ್ಟಿಪ್ಲೈ ಕೆಳಗಿನ ಬಣ್ಣವನ್ನು ಗಾಢವಾಗಿಸುವುದೇ ಹೊರತು ಎಂದೂ ತಿಳಿಯಾಗಿಸುವುದಿಲ್ಲವಲ್ಲ. ನಿನ್ನೆ ಸಂಜೆ ದಂಡೆಗೆ ಹೋಗಿ ನೋಡಿದೆ. ಒದ್ದೆ ಮರಳಿನ ಮೇಲೆ ಮಲಗಿದ್ದ ಕಂದು ನಾಯಿಯ ನೆರಳಿನ ಬದಿ ಕಪ್ಪಾಗಿರಲಿಲ್ಲ, ಆಕಾಶದ ನೀಲಿ ಅದರ ಬೆನ್ನ ಮೇಲೆ ತೆಳುವಾಗಿ ಕೂತಿತ್ತು. ಕಿವಿಯ ಅಂಚು ಕೆಂಡದಂತೆ ಹೊಳೆಯುತ್ತಿತ್ತು. ನನಗೆ ಬೇಕಿರುವುದು ಅದೇ.

ಬೆನ್ನಿಗೆ ಬೇರೆ ಲೇಯರ್ ಮಾಡಿ ನೀಲಿಯನ್ನು ನಾರ್ಮಲ್ ಮೋಡ್‌ನಲ್ಲೇ, ಅಂದರೆ ಹಚ್ಚಿದ ಬಣ್ಣ ಹಾಗೇ ಮೇಲೆ ಕೂರುವಂತೆ, ಹಚ್ಚಬೇಕೇ? ಒದ್ದೆ ತುಪ್ಪಳದ ಹೊಳಪನ್ನು ನೆರಳಿಗಿಂತ ಮೊದಲು ಇಡುತ್ತೀರೋ, ಆಮೇಲೋ? ಎ3 ಅಳತೆಯಲ್ಲಿ, 300 ಡಿಪಿಐಗೆ (ಇಂಚಿಗೆ 300 ಚುಕ್ಕೆ) ಮುದ್ರಣವಾಗಬೇಕಿದೆ; ಪರದೆಯ ಮೇಲೆ ಮಿನುಗುವ ನೇರಳೆ ಕಾಗದದಲ್ಲಿ ಮಂಕಾದೀತೆಂಬ ಆತಂಕವೂ ಇದೆ. ಇಂತಹ ಚಿತ್ರಕ್ಕೆ ಬಣ್ಣ ಹಾಕಿದವರು ದಯವಿಟ್ಟು ತಿಳಿಸಿ.