ಅಪ್‌ಡೇಟ್: ಒಂದೇ ಲ್ಯಾಪ್‌ಟಾಪಿನಿಂದ ನಾಲ್ಕು ಟೆಲ್ಲೊ

ಕಾಲೇಜು ಫೆಸ್ಟ್‌ಗೆ ನಾಲ್ಕು ಟೆಲ್ಲೊ ಡ್ರೋನ್‌ಗಳನ್ನು ಒಟ್ಟಿಗೆ ಹಾರಿಸೋದು ಹೇಗೆ ಅಂತ ಕೇಳಿದ್ದೆನಲ್ಲ, ಕೆಲಸ ಆಯ್ತು. ಉತ್ತರ ಕೊಟ್ಟವರಿಗೆಲ್ಲ ಥ್ಯಾಂಕ್ಸ್.

ಮಾಮೂಲಿ ಟೆಲ್ಲೊ ತನ್ನದೇ ವೈಫೈ ಹಾಕಿಕೊಂಡು ಕೂರುತ್ತೆ, ಎಲ್ಲದರ ವಿಳಾಸವೂ 192.168.10.1. ನಾಲ್ಕು ಮನೆಗೂ ಒಂದೇ ಡೋರ್ ನಂಬರ್ ಇದ್ದ ಹಾಗೆ! ಅದಕ್ಕೇ ನೀವು ಹೇಳಿದಂತೆ ಟೆಲ್ಲೊದ್ದೇ ಇಡಿಯು (ಕಲಿಕೆಗೆಂದು ಮಾಡಿದ) ಮಾದರಿ ತಂದ್ವಿ. ಅದಕ್ಕೆ 'ಎಪಿ' ಕಮಾಂಡಿನ ಜೊತೆ ರೌಟರ್ ಹೆಸರು, ಪಾಸ್‌ವರ್ಡ್ ಕಳಿಸಿದರೆ ರೀಬೂಟ್ ಆಗಿ ನಮ್ಮ ನೆಟ್‌ವರ್ಕಿಗೇ ಬರುತ್ತೆ, ಒಂದೊಂದಕ್ಕೂ ಬೇರೆ ಐಪಿ ವಿಳಾಸ ಸಿಗುತ್ತೆ. ಉಳಿದದ್ದು ಪೈಥಾನ್ ಪ್ರೋಗ್ರಾಂ, ಅದು ಯುಡಿಪಿ (ನೆಟ್‌ವರ್ಕಿನಲ್ಲಿ ಸಂದೇಶ ಕಳಿಸೋ ಒಂದು ವಿಧಾನ) ಮೂಲಕ ಒಂದೊಂದು ಡ್ರೋನಿನ ಪೋರ್ಟ್ 8889ಕ್ಕೆ ಕಮಾಂಡ್ ಕಳಿಸುತ್ತೆ. ಅಷ್ಟೇ.

ತಲೆ ತಿಂದಿದ್ದು ಬೇರೆ. 15 ಸೆಕೆಂಡ್ ಯಾವ ಕಮಾಂಡೂ ಬರದಿದ್ದರೆ ಡ್ರೋನ್ ತಾನಾಗಿಯೇ ಇಳಿದುಬಿಡುತ್ತೆ. ಒಂದು ಡ್ರೋನ್ ಉತ್ತರವಾಗಿ ಕಳಿಸೋ 'ಓಕೆ'ಗೆ ಕಾಯುತ್ತಾ ಕೂತರೆ ಮಿಕ್ಕವು ನೆಲ ಕಾಣುತ್ತವೆ. ಆಗಾಗ 'ಕಮಾಂಡ್' ಅಂತ ಕಳಿಸ್ತಾ ಇರೋ ಥ್ರೆಡ್ (ಪ್ರೋಗ್ರಾಂನೊಳಗೆ ಜೊತೆಜೊತೆಗೇ ಓಡೋ ಕೆಲಸ) ಒಂದನ್ನು ಬೇರೆಯಾಗಿ ಓಡಿಸಿದ ಮೇಲೆ ಸರಿಹೋಯ್ತು.

ಇನ್ನೊಂದು, ಹಾಲ್‌ನ ಗ್ರಾನೈಟ್ ನೆಲ. ಕನ್ನಡಿಯಂಥ ನೆಲದಲ್ಲಿ ಡ್ರೋನಿನ ಅಡಿಯಲ್ಲಿರೋ ಕ್ಯಾಮೆರಾಕ್ಕೆ ಹಿಡಿಯಲು ಗುರುತೇ ಸಿಗಲ್ಲ, ಡ್ರೋನ್ ಗೋಡೆ ಕಡೆ ಜಾರುತ್ತೆ. ಪಟ್ಟೆಪಟ್ಟೆ ಜಮಖಾನ ಹಾಸಿ, ಮೇಲೆ ಮಿಷನ್ ಪ್ಯಾಡ್ (ಡ್ರೋನ್ ಗುರುತಿಸೋ ಚಿತ್ರವಿರುವ ಹಾಳೆ) ಇಟ್ವಿ. ನಿಂತ ಕಡೆ ನಿಂತವು. ಫ್ಯಾನ್ ಮಾತ್ರ ಕಡ್ಡಾಯವಾಗಿ ಆಫ್ ಮಾಡಿಸಿ.

ಕೋಡ್ ಬೇಕಾದವರು ಕೇಳಿ, ಕಳಿಸ್ತೀನಿ.