ಡೇಟಾ ವೇರ್‌ಹೌಸ್‌ನ ಹಳೆಯ ದತ್ತಾಂಶವನ್ನು ಎಲ್ಲಿಡುವುದು?

ಪ್ರಶ್ನೆ: ಪೋಸ್ಟ್‌ಗ್ರೆಸ್ ಡೇಟಾಬೇಸ್ ಮೇಲೆ ನಡೆಯುವ ನಮ್ಮ ವೇರ್‌ಹೌಸ್‌ನಲ್ಲಿ (ವರದಿ, ವಿಶ್ಲೇಷಣೆಗಾಗಿ ದತ್ತಾಂಶ ಒಟ್ಟುಗೂಡಿಸಿಡುವ ವ್ಯವಸ್ಥೆ) ಮಾರಾಟದ ಟೇಬಲ್ ವರ್ಷದಿಂದ ವರ್ಷಕ್ಕೆ ಬೆಳೆಯುತ್ತಿದ್ದು, ಪರೀಕ್ಷಾ ಪ್ರತಿಯಲ್ಲಿ ಹಳೆಯ ಸಾಲುಗಳನ್ನು ಡಿಲೀಟ್ ಮಾಡಿ ನೋಡಿದರೂ ಡಿಸ್ಕ್‌ನಲ್ಲಿ ಜಾಗ ತೆರವಾಗಲಿಲ್ಲ. ಲೆಕ್ಕಪರಿಶೋಧಕರು ಕೇಳಿದಾಗ ಹಳೆಯ ವಿವರ ಸಿಗಲೇಬೇಕು. ದಾರಿ ಯಾವುದು?

ಉತ್ತರ 1: ಡಿಲೀಟ್ ಆದ ಸಾಲುಗಳ ಜಾಗವನ್ನು ಪೋಸ್ಟ್‌ಗ್ರೆಸ್‌ನ ವ್ಯಾಕ್ಯೂಮ್ ಎಂಬ ಶುಚಿಗೊಳಿಸುವ ಕ್ರಿಯೆ ಮರುಬಳಕೆಗೆ ಒದಗಿಸುತ್ತದೆಯೇ ಹೊರತು, ಸಾಮಾನ್ಯವಾಗಿ ಆಪರೇಟಿಂಗ್ ಸಿಸ್ಟಮ್‌ಗೆ ಹಿಂದಿರುಗಿಸುವುದಿಲ್ಲ. ಟೇಬಲನ್ನು ತಿಂಗಳುವಾರು ಪಾರ್ಟಿಷನ್ (ಪ್ರತ್ಯೇಕ ಭಾಗಗಳಾಗಿ ವಿಂಗಡಣೆ) ಮಾಡಿಕೊಂಡರೆ, ಹಳೆಯ ತಿಂಗಳ ಭಾಗವನ್ನು ಡಿಟ್ಯಾಚ್ ಮಾಡಿ (ಟೇಬಲಿನಿಂದ ಬೇರ್ಪಡಿಸಿ), ಪಾರ್ಕೆ (ದತ್ತಾಂಶವನ್ನು ಕಾಲಂವಾರು ಅಡಕವಾಗಿ ಇಡುವ ಸ್ವರೂಪ) ಕಡತವಾಗಿ ಅಗ್ಗದ ಸಂಗ್ರಹಕ್ಕೆ ಬರೆದು, ಸಾಲುಗಳ ಎಣಿಕೆಯನ್ನೂ ಮೊತ್ತಗಳನ್ನೂ ತಾಳೆ ನೋಡಿದ ಬಳಿಕ ಆ ಭಾಗವನ್ನು ಡ್ರಾಪ್ ಮಾಡಬಹುದು (ಪೂರ್ತಿ ಅಳಿಸಬಹುದು); ಆಗ ಡಿಸ್ಕ್‌ನಲ್ಲಿ ಜಾಗ ತೆರವಾಗುತ್ತದೆ. ತಾಳೆ ನೋಡುವುದನ್ನು ದಯವಿಟ್ಟು ಬಿಡಬೇಡಿ. ಗ್ರಾಹಕರ ಮತ್ತು ಸರಕುಗಳ ಟೇಬಲ್‌ಗಳ ಆ ಕಾಲದ ಪ್ರತಿಯನ್ನೂ ಜೊತೆಗಿಡಿ. ಇಲ್ಲವಾದರೆ ಆ ಸಂಖ್ಯೆಗಳು ಯಾರವು, ಯಾವುದರವು ಎಂದು ಮುಂದೆ ತಿಳಿಯದು.

ಉತ್ತರ 2: ಕಂಪನಿ ಕಾಯ್ದೆ 2013ರ 128ನೇ ಕಲಮಿನ ಪ್ರಕಾರ ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಹಣಕಾಸು ವರ್ಷ ಉಳಿಸಬೇಕು. ಅಪರೂಪಕ್ಕೆ ಬೇಕಾಗುವ ಕಡತಗಳಿಗೆಂದೇ ಇರುವ ಅಮೆಜಾನ್‌ನ ಕ್ಲೌಡ್ ಸಂಗ್ರಹ ಗ್ಲೇಸಿಯರ್ ಡೀಪ್ ಆರ್ಕೈವ್ ಅಗ್ಗವೇನೋ ಹೌದು, ಆದರೆ ಅಲ್ಲಿಂದ ಕಡತ ಮರಳಿ ಪಡೆಯಲು ಸಾಮಾನ್ಯ ವಿಧಾನದಲ್ಲಿ 12 ಗಂಟೆಗಳವರೆಗೆ ಹಿಡಿಯಬಹುದು. 180 ದಿನಗಳೊಳಗೆ ಅಳಿಸಿದರೂ ಅಷ್ಟೂ ದಿನಗಳ ಶುಲ್ಕ ತಗಲುತ್ತದೆ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ತಿಂಗಳ ಒಟ್ಟು ಮೊತ್ತಗಳನ್ನು ವೇರ್‌ಹೌಸ್‌ನಲ್ಲೇ ಉಳಿಸಿಕೊಂಡು, ಬಿಡಿ ವಿವರಗಳನ್ನು ಮಾತ್ರ ಹೊರಗೆ ಸಾಗಿಸುತ್ತೇವೆ.