ಎದೆ ಡವಡವ ಎನ್ನುತ್ತದೆ, ವರದಿಗಳೆಲ್ಲ ಸರಿ ಎನ್ನುತ್ತವೆ: ಮನೋವೈದ್ಯರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಶಿಕ್ಷಕರು, 38 ವರ್ಷ, ಚನ್ನರಾಯಪಟ್ಟಣ ತಾಲ್ಲೂಕು):

ಮೇಡಂ, ನಮಸ್ಕಾರ. 2025ರ ಜೂನ್‌ನಲ್ಲಿ ನಮ್ಮ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸಾವಿನ ಸುದ್ದಿ ದಿನವೂ ಬರುತ್ತಿದ್ದಾಗ ನನಗೆ ಈ ಭಯ ಹಿಡಿಯಿತು. ಒಂದು ರಾತ್ರಿ ಎರಡು ಗಂಟೆಗೆ ಎಚ್ಚರವಾಯಿತು. ಎದೆ ಡವಡವ, ಬೆರಳ ತುದಿಯಲ್ಲಿ ಜುಮುಜುಮು, ಗಂಟಲು ಬಿಗಿದಂತೆ; ಇನ್ನೇನು ಪ್ರಾಣ ಹೋಯಿತು ಎನ್ನಿಸಿತು. ನನ್ನ ತಮ್ಮ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಇಸಿಜಿ ಸರಿಯಾಗಿತ್ತು. ಆಮೇಲೆ ಮೈಸೂರಿಗೆ ಹೋಗಿ ಮುಂಜಾನೆಯಿಂದ ಸಾಲಿನಲ್ಲಿ ನಿಂತು ಎಕೋ (ಹೃದಯದ ಸ್ಕ್ಯಾನ್), ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿದೆ. ಅವೂ ಸರಿ. ಇಸಿಜಿ ಇದುವರೆಗೆ ಐದು ಬಾರಿ ಆಗಿದೆ. ಆದರೂ ವಾರಕ್ಕೆ ಎರಡು ಸಲ ಹೀಗಾಗುತ್ತದೆ. ದಿನಕ್ಕೆ ಇಪ್ಪತ್ತು ಸಲ ಬೆರಳಿಗೆ ಆಕ್ಸಿಮೀಟರ್ ಹಾಕಿ ನಾಡಿ ನೋಡುತ್ತೇನೆ. ತೆಂಗಿನ ತೋಟಕ್ಕೆ ಒಬ್ಬನೇ ಹೋಗುವುದನ್ನು ಬಿಟ್ಟಿದ್ದೇನೆ. ಮನೆಯಲ್ಲಿ ‘ಸುಮ್ಮನೆ ಹೆದರುತ್ತೀರಿ’ ಎನ್ನುತ್ತಾರೆ. ನನಗಾಗುವುದು ಸುಳ್ಳೇ?

ಉತ್ತರ (ಮನೋವೈದ್ಯೆ, ಸರ್ಕಾರಿ ಆಸ್ಪತ್ರೆ):

ಸುಳ್ಳಲ್ಲ ಮೇಷ್ಟ್ರೇ. ಎದೆ ನಿಜವಾಗಿಯೇ ಹೊಡೆದುಕೊಳ್ಳುತ್ತದೆ, ಬೆರಳು ನಿಜವಾಗಿಯೇ ಜುಮುಗುಡುತ್ತದೆ. ಇದು ಪ್ಯಾನಿಕ್ ಅಟ್ಯಾಕ್‌ನ ಚಿತ್ರ. ನಾನು ರೋಗಿಗಳಿಗೆ ದಿಗಿಲಿನ ದಾಳಿ ಎಂದು ಹೇಳುತ್ತೇನೆ. ಅಪಾಯ ಬಂತೆಂದು ಮಿದುಳು ತಪ್ಪಾಗಿ ತಿಳಿದಾಗ ಅಡ್ರಿನಲಿನ್ ಎಂಬ ಹಾರ್ಮೋನು ರಕ್ತಕ್ಕೆ ನುಗ್ಗುತ್ತದೆ, ಹೃದಯದ ಬಡಿತ ಏರುತ್ತದೆ, ಉಸಿರು ಜೋರಾಗುತ್ತದೆ. ಜೋರು ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಅತಿಯಾಗಿ ಹೊರಗೆ ಹೋಗುವುದರಿಂದ ಬೆರಳು, ತುಟಿ ಜುಮುಗುಡುತ್ತವೆ, ತಲೆ ತೇಲಿದಂತಾಗುತ್ತದೆ. ಅದನ್ನು ನೀವು ಸಾವಿನ ಸೂಚನೆ ಎಂದು ಓದಿಕೊಳ್ಳುತ್ತೀರಿ. ಆಗ ಅಡ್ರಿನಲಿನ್ ಇನ್ನಷ್ಟು ಬರುತ್ತದೆ.

ನಿಮ್ಮ ತೋಟದಲ್ಲಿ ಪಂಪ್‌ಸೆಟ್ ಇದ್ದೇ ಇರುತ್ತದೆ. ವೋಲ್ಟೇಜ್ ಸ್ವಲ್ಪ ಏರುಪೇರಾದರೂ ಸಾಕು, ಕೆಲವು ಸ್ಟಾರ್ಟರ್‌ಗಳು ಟ್ರಿಪ್ ಆಗುತ್ತವೆ. ಮೋಟಾರು ಚೆನ್ನಾಗಿಯೇ ಇರುತ್ತದೆ. ನೀವು ಐದು ಸಲವೂ ಮೋಟಾರನ್ನೇ ಬಿಚ್ಚಿ ನೋಡಿಸಿದ್ದೀರಿ.

ನನ್ನನ್ನು ಹೆಚ್ಚು ಕಾಡುವುದು ಆ ಆಕ್ಸಿಮೀಟರ್. ನೋಡಿದ ಕೂಡಲೇ ಹತ್ತು ನಿಮಿಷ ಸಮಾಧಾನ ಸಿಗುತ್ತದೆ, ನಿಜ. ಆದರೆ ‘ನೋಡಿದ್ದರಿಂದ ಬದುಕಿದೆ’ ಎಂಬ ಪಾಠವನ್ನು ಮಿದುಳು ಕಲಿಯುತ್ತದೆ, ಮುಂದಿನ ಸಲ ಇನ್ನೂ ಬೇಗ ನೋಡು ಎಂದು ಕೇಳುತ್ತದೆ. ತೋಟ ಬಿಟ್ಟದ್ದೂ ಹಾಗೆಯೇ. ಪರೀಕ್ಷೆ, ಭರವಸೆ, ತಪ್ಪಿಸಿಕೊಳ್ಳುವಿಕೆ ಈ ಭಯದ ಮೇವು. 2021ರಲ್ಲಿ ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗಲೂ ಆಸ್ಪತ್ರೆಗಳ ಮುಂದೆ ಯುವಕರ ಸಾಲು ಕಂಡೆವು. ಒಮ್ಮೆ ಪರೀಕ್ಷಿಸಿಕೊಂಡದ್ದು ವಿವೇಕ. ಆರನೆಯ ಇಸಿಜಿ ನಿಮಗೆ ಹೊಸದೇನನ್ನೂ ಹೇಳುವುದಿಲ್ಲ.

ಹೀಗೆ ಶುರುಮಾಡಿ. ನಾಡಿ ನೋಡಬೇಕೆನಿಸಿದಾಗ ಹದಿನೈದು ನಿಮಿಷ ಮುಂದೂಡಿ, ವಾರ ಕಳೆದ ಮೇಲೆ ಅರ್ಧ ಗಂಟೆ. ದಿಗಿಲು ಬಂದಾಗ ಓಡಬೇಡಿ, ಕುಳಿತು ಗಡಿಯಾರ ನೋಡಿ. ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ಅದು ತುದಿ ಮುಟ್ಟಿ ಇಳಿಯತೊಡಗುತ್ತದೆ. ನಾಲ್ಕು ಎಣಿಸುತ್ತ ಉಸಿರು ಒಳಗೆ, ಆರು ಎಣಿಸುತ್ತ ಹೊರಗೆ. ಇದನ್ನು ನೆಮ್ಮದಿಯಾಗಿರುವಾಗಲೇ ದಿನಕ್ಕೆರಡು ಬಾರಿ ಅಭ್ಯಾಸ ಮಾಡಿ. ತೋಟಕ್ಕೆ ಮೊದಲು ಬಾವಿಯವರೆಗೆ ಒಬ್ಬರೇ ಹೋಗಿ.

ಪ್ರಶ್ನೆ (ಈ ಪ್ರಶ್ನೋತ್ತರ ನಡೆದ ಗುಂಪಿನ ಇನ್ನೊಬ್ಬ ಸದಸ್ಯರು, ತುಮಕೂರು):

ಭಯವೆಂದು ಸುಮ್ಮನೆ ಕುಳಿತಾಗ ಅದು ನಿಜವಾದ ಹೃದಯಾಘಾತವಾಗಿದ್ದರೆ? ನಮ್ಮ ಪಕ್ಕದ ಮನೆಯವರು ಗ್ಯಾಸ್ಟ್ರಿಕ್ ಎಂದು ಸೋಡಾ ಕುಡಿದು ಮಲಗಿದವರು ಏಳಲಿಲ್ಲ.

ಉತ್ತರ:

ಕೇಳಿ ನೋವಾಯಿತು. ನಾನು ಮೇಷ್ಟ್ರಿಗೆ ಹೇಳಿದ್ದು ಎಲ್ಲ ಪರೀಕ್ಷೆಗಳೂ ಆದ ಮೇಲಿನ ಮಾತು, ದಯವಿಟ್ಟು ಅದನ್ನು ಎಲ್ಲರಿಗೂ ಅನ್ವಯಿಸಬೇಡಿ. ಎದೆಯ ನಡುವೆ ಭಾರ ಹೇರಿದಂತೆ ಒತ್ತುವ ನೋವು, ಅದು ತೋಳಿಗೆ, ದವಡೆಗೆ, ಬೆನ್ನಿಗೆ ಹರಡುವುದು, ತಣ್ಣನೆಯ ಬೆವರು, ನಡೆದಾಗ ಹೆಚ್ಚಾಗುವುದು – ಇವು ಕಂಡರೆ ಸೋಡಾ ಬೇಡ, 108ಕ್ಕೆ ಕರೆ ಮಾಡಿ. ಸಕ್ಕರೆ ಕಾಯಿಲೆ ಇರುವವರಲ್ಲಿ ಮತ್ತು ಮಹಿಳೆಯರಲ್ಲಿ ಕೆಲವೊಮ್ಮೆ ಬರೀ ಆಯಾಸ, ಉಸಿರುಕಟ್ಟು, ವಾಕರಿಕೆ ಇರಬಹುದು. ಮೇಷ್ಟ್ರಿಗೂ ಇದುವರೆಗಿನದಕ್ಕಿಂತ ಬೇರೆ ಬಗೆಯ ನೋವು ಬಂದರೆ ಇದೇ ಮಾತು. ಹಾಸನದ ಸಾವುಗಳನ್ನು ಪರಿಶೀಲಿಸಿದಾಗ ಅನೇಕರಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಮದ್ಯಪಾನದಂತಹ ಅಂಶಗಳು ಕಂಡುಬಂದಿದ್ದವು. ಅವುಗಳ ಕಡೆ ವರ್ಷವಿಡೀ ಗಮನ ಕೊಟ್ಟರೆ ಹೃದಯಕ್ಕೆ ಸಿಗುವ ರಕ್ಷಣೆ ದಿನಕ್ಕೆ ಇಪ್ಪತ್ತು ಸಲ ನಾಡಿ ನೋಡಿದರೆ ಸಿಗುವುದಿಲ್ಲ.

ಪ್ರಶ್ನೆ (ಮೇಷ್ಟ್ರ ಪತ್ನಿ):

ಮೇಡಂ, ‘ಏನೂ ಆಗಲ್ಲ ತಾನೇ?’ ಎಂದು ಇವರು ರಾತ್ರಿ ಹತ್ತು ಸಲ ಕೇಳುತ್ತಾರೆ. ಹತ್ತು ಸಲವೂ ಇಲ್ಲ ಎನ್ನುತ್ತೇನೆ. ಕೊನೆಗೆ ರೇಗುತ್ತೇನೆ, ಆಮೇಲೆ ಅಳುತ್ತೇನೆ. ಏನು ಹೇಳಲಿ?

ಉತ್ತರ:

ನಿಮಗೂ ದಣಿವಾಗಿದೆ ತಾಯಿ, ರೇಗಿದ್ದಕ್ಕೆ ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ. ಹಗಲಿನಲ್ಲಿ ಇಬ್ಬರೂ ಕುಳಿತು ಒಂದು ಒಪ್ಪಂದ ಮಾಡಿಕೊಳ್ಳಿ: ಮೊದಲ ಸಲಕ್ಕೆ ಉತ್ತರ ಕೊಡುತ್ತೀರಿ, ಎರಡನೆಯ ಸಲದಿಂದ, ‘ದಿಗಿಲು ಬಂದಿದೆ ಅಲ್ಲವೇ, ನಾನಿಲ್ಲೇ ಇದ್ದೇನೆ’ ಎಂದಷ್ಟೇ ಹೇಳುತ್ತೀರಿ. ಅವರ ಮುಂದೆ ತಿಳಿಸಿಯೇ ಇದನ್ನು ಶುರುಮಾಡಿ, ಇಲ್ಲದಿದ್ದರೆ ಕೈಬಿಟ್ಟಿರಿ ಎಂದುಕೊಳ್ಳುತ್ತಾರೆ. ದೃಷ್ಟಿ ತೆಗೆಯುವುದು, ದೇವರಿಗೆ ಹರಕೆ ಹೊರುವುದು ನಿಮ್ಮ ನಂಬಿಕೆ, ನನ್ನ ಅಡ್ಡಿ ಇಲ್ಲ. ಚಿಕಿತ್ಸೆಯನ್ನು ಮಾತ್ರ ಮುಂದೂಡಬೇಡಿ.

ಪ್ರಶ್ನೆ (ಗುಂಪಿನ ಸದಸ್ಯರು, ಶಿವಮೊಗ್ಗ):

ನಮ್ಮ ತಂದೆ ಎಂಟು ವರ್ಷಗಳಿಂದ ಆಲ್ಪ್ರಜೋಲಾಮ್ ಎಂಬ ಆತಂಕದ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಇದನ್ನೆಲ್ಲ ಓದಿ ಇಂದೇ ನಿಲ್ಲಿಸುತ್ತೇನೆ ಎನ್ನುತ್ತಿದ್ದಾರೆ.

ಉತ್ತರ:

ಇಂದೇ ನಿಲ್ಲಿಸಬೇಡಿ! ಇಷ್ಟು ವರ್ಷ ತೆಗೆದುಕೊಂಡ ಆ ಮಾತ್ರೆಯನ್ನು ಹಠಾತ್ತನೆ ಬಿಟ್ಟರೆ ಫಿಟ್ಸ್ ಬರಬಹುದು. ವೈದ್ಯರ ಕಣ್ಗಾವಲಿನಲ್ಲಿ, ಸ್ವಲ್ಪಸ್ವಲ್ಪವಾಗಿ, ತಿಂಗಳುಗಟ್ಟಲೆ ಇಳಿಸಬೇಕು. ಈ ಗುಂಪಿನ ಮಾತ್ರೆಗಳು ಕೆಲವೇ ವಾರಗಳಲ್ಲಿ ಅವಲಂಬನೆ ತರಬಲ್ಲವು, ಅದಕ್ಕೇ ನಾವು ಅವನ್ನು ಅಲ್ಪಕಾಲಕ್ಕೆ ಬರೆಯುತ್ತೇವೆ. ದಿಗಿಲಿಗೆ ಹೆಚ್ಚಾಗಿ ಕೊಡುವುದು ಎಸ್ಸಿಟಾಲೋಪ್ರಾಮ್, ಸರ್ಟ್ರಲಿನ್‌ನಂತಹ ಮಾತ್ರೆಗಳು. ಗುಣ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ಚಡಪಡಿಕೆ ಸ್ವಲ್ಪ ಹೆಚ್ಚೂ ಆಗಬಹುದು. ‘ಇದು ನನಗಾಗುವುದಿಲ್ಲ’ ಎಂದು ಎಷ್ಟೋ ಜನ ಬಿಟ್ಟುಬಿಡುವುದು ಅಲ್ಲಿಯೇ.

ಮೂರು ವಾರಗಳ ನಂತರ, ಅದೇ ಶಿಕ್ಷಕರು:

ಮೇಡಂ, ಆಕ್ಸಿಮೀಟರನ್ನು ಮನೆಯವಳ ಬೀರುವಿಗೆ ಸೇರಿಸಿದೆ. ಬಾವಿಯವರೆಗೆ ಹೋದೆ, ಆಮೇಲೆ ಆಚೆ ಬದುವಿನವರೆಗೆ. ಅಲ್ಲಿ ಒಮ್ಮೆ ದಿಗಿಲು ಬಂತು. ಓಡಲಿಲ್ಲ. ಹನ್ನೆರಡು ನಿಮಿಷಕ್ಕೆ ಇಳಿಯಿತು. ಆದರೆ ರಾತ್ರಿ ಮಲಗಲು ಈಗಲೂ ಹೆದರಿಕೆ.

ಉತ್ತರ:

ಬದುವಿನ ಮೇಲೆ ಒಬ್ಬರೇ ಕುಳಿತ ಆ ಹನ್ನೆರಡು ನಿಮಿಷಗಳು ನನಗೆ ತುಂಬಾ ಸಂತೋಷ ಕೊಟ್ಟವು. ರಾತ್ರಿಯ ಭಯ ಉಳಿದಿರುವುದರಿಂದ ಇನ್ನು ಪ್ರತ್ಯಕ್ಷ ಚಿಕಿತ್ಸೆಗೆ ಹೋಗಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಫೋನ್ ಮಾಡಿ ಖಚಿತಪಡಿಸಿಕೊಂಡು ಹೊರಡಿ. ನಡುರಾತ್ರಿಯಲ್ಲಿ ತೀರಾ ಕಷ್ಟವಾದರೆ 14416, ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತನಾಡುತ್ತಾರೆ, ಉಚಿತ. ಶಾಲೆ ಬಿಟ್ಟ ಮೇಲಿನ ಕಾಫಿ ನಿಲ್ಲಿಸಿ. ಥೈರಾಯ್ಡ್ ಹೆಚ್ಚಾದರೂ ಎದೆ ಹೀಗೆಯೇ ಹೊಡೆದುಕೊಳ್ಳುವುದರಿಂದ ಆ ರಕ್ತಪರೀಕ್ಷೆ ಬಾಕಿ ಇದ್ದರೆ ಮಾಡಿಸಿ. ಒಂದೇ ಸಲ, ಮೇಷ್ಟ್ರೇ.